ಸಮುದ್ರದ ಮೇಲೆ ಒಂದು ಕಿಟಕಿಗೆ ಎಷ್ಟು ಬೆಲೆ?



ಹೋದ ವಾರ ನಮ್ಮ ಕಾರ್ಯಕ್ರಮಕ್ಕೆ ಒಂದು ಪ್ರಶ್ನೆ ಬಂತು. ಬರೆದವರು ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಮಗ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಅಮ್ಮನಿಗೆ ಮಂಡಿನೋವು, ಘಾಟಿಯಲ್ಲಿ ಬಸ್ ಹತ್ತಿದರೆ ವಾಂತಿ. ಇಬ್ಬರನ್ನೂ ಮುಂಬೈಯಿಂದ ಹೊರಡುವ ಮೂರು ರಾತ್ರಿಯ ಕ್ರೂಸ್‌ಗೆ ಕಳಿಸಬೇಕು ಅನ್ನೋದು ಮಗನ ಆಸೆ. ಬುಕ್ ಮಾಡೋಣ ಅಂತ ಕೂತರೆ ತಲೆ ಕೆಟ್ಟುಹೋಯಿತಂತೆ.

"ಸಾರ್, ಒಂದೇ ಹಡಗು, ಒಂದೇ ಊಟ, ಒಂದೇ ಊರುಗಳು. ಆದರೆ ಕಿಟಕಿ ಇಲ್ಲದ ರೂಮಿಗೂ ಬಾಲ್ಕನಿ ಇರುವ ರೂಮಿಗೂ ನನ್ನ ಬೈಕಿನ ಐದಾರು ತಿಂಗಳ ಇಎಂಐಯಷ್ಟು ವ್ಯತ್ಯಾಸ. ಅಪ್ಪ, 'ರೂಮಲ್ಲಿ ಏನೋ ಮಾಡ್ತೀವಿ, ಮಲಗೋದು ತಾನೇ, ಅಗ್ಗದ್ದೇ ಮಾಡು' ಅಂತಾರೆ. ಅಮ್ಮ ಏನೂ ಹೇಳಲ್ಲ. ಯಾವುದು ಮಾಡ್ಲಿ?"

ನೋಡೋಕೆ ಸಣ್ಣ ಪ್ರಶ್ನೆ. ಯುದ್ಧ, ಚುನಾವಣೆ, ಬಜೆಟ್ ಮಾತಾಡುವ ಜಾಗದಲ್ಲಿ ಹಡಗಿನ ರೂಮಿನ ವಿಷಯ ಯಾಕೆ ಅಂತ ನೀವು ಕೇಳಬಹುದು. ಆದರೆ ಮಧ್ಯಮ ವರ್ಗದ ಒಂದು ಮನೆ ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನು ಮೂರು ದಿನದಲ್ಲಿ ಖರ್ಚು ಮಾಡುವಾಗ, ಆ ದುಡ್ಡಿಗೆ ಏನು ಸಿಗುತ್ತೆ ಅಂತ ಗೊತ್ತಿರಬೇಕಲ್ಲವೇ? ಜೊತೆಗೆ ಈ ಪ್ರಶ್ನೆಯ ಒಳಗೆ ಸ್ವಲ್ಪ ಭೌತಶಾಸ್ತ್ರ ಇದೆ, ಸ್ವಲ್ಪ ಇತಿಹಾಸ ಇದೆ. ಕೊನೆಗೆ "ಅಮ್ಮ ಏನೂ ಹೇಳಲ್ಲ" ಅನ್ನುವ ಆ ಒಂದು ಸಾಲೂ ಇದೆ. ಅಲ್ಲಿಗೇ ವಾಪಸ್ ಬರೋಣ.

ನಾಲ್ಕು ಹೆಸರು, ನಾಲ್ಕು ರೇಟು

ಮೊದಲು ಕಂಪನಿಗಳು ಏನು ಮಾರುತ್ತವೆ ಅಂತ ನೋಡೋಣ. ಜಗತ್ತಿನ ಯಾವ ಕ್ರೂಸ್ ಹಡಗಿಗೆ ಹೋದರೂ ಸುಮಾರಾಗಿ ನಾಲ್ಕು ಬಗೆಯ ಕ್ಯಾಬಿನ್ ಇರುತ್ತೆ.

ಒಂದು, ಇಂಟೀರಿಯರ್. ಹಡಗಿನ ಹೊಟ್ಟೆಯೊಳಗಿನ ರೂಮು. ಮಂಚ, ಬಚ್ಚಲು, ಬೀರು, ಟಿವಿ ಎಲ್ಲ ಇರುತ್ತೆ, ಕಿಟಕಿ ಮಾತ್ರ ಇರಲ್ಲ. ಎರಡು, ಓಶನ್ ವ್ಯೂ. ಇಲ್ಲಿ ಕಿಟಕಿ ಇರುತ್ತೆ, ಆದರೆ ಅದನ್ನು ತೆಗೆಯೋಕೆ ಆಗಲ್ಲ. ಕೆಳಗಿನ ಡೆಕ್‌ಗಳಲ್ಲಿ ಅದು ದುಂಡನೆಯ ಸಣ್ಣ ಗಾಜು ಆಗಿರಬಹುದು, ಮೇಲಿನ ಡೆಕ್‌ಗಳಲ್ಲಿ ದೊಡ್ಡ ಗಾಜು. ಮೂರು, ಬಾಲ್ಕನಿ. ಗಾಜಿನ ಬಾಗಿಲು ಸರಿಸಿದರೆ ಎರಡು ಕುರ್ಚಿ ಹಾಕುವಷ್ಟು ಜಾಗ, ಅದರಾಚೆ ಸಮುದ್ರ. ನಾಲ್ಕು, ಸೂಟ್. ದೊಡ್ಡ ರೂಮು, ಕೂರೋಕೆ ಬೇರೆ ಜಾಗ, ಕೆಲವು ಹಡಗುಗಳಲ್ಲಿ ಬೇರೆ ಡೈನಿಂಗ್ ಹಾಲು, ಹತ್ತುವಾಗ ಇಳಿಯುವಾಗ ಬೇರೆ ಸಾಲು.

ಅಳತೆ ಎಷ್ಟು? ಈಗಿನ ಹಡಗುಗಳ ಸಾಮಾನ್ಯ ಕ್ಯಾಬಿನ್ ಸುಮಾರು 150ರಿಂದ 180 ಚದರ ಅಡಿ. ಅಂದರೆ ನಮ್ಮ ಮನೆಗಳ 10ಕ್ಕೆ 15ರ ಬೆಡ್‌ರೂಮು, ಅದರಲ್ಲೇ ಬಚ್ಚಲೂ ಸೇರಿ. ಹಳೆಯ ಹಡಗುಗಳಲ್ಲಿ ಇನ್ನೂ ಚಿಕ್ಕದು. ಒಂದು ವಿಷಯ ಗಮನಿಸಿ. ಇಂಟೀರಿಯರ್, ಓಶನ್ ವ್ಯೂ, ಬಾಲ್ಕನಿ ಈ ಮೂರರ ನಡುವೆ ರೂಮಿನ ಒಳಗಿನ ಅಳತೆಯಲ್ಲಿ ಅಂಥಾ ವ್ಯತ್ಯಾಸ ಇರಲ್ಲ. ಮಂಚ ಅದೇ, ದಿಂಬು ಅದೇ. ಊಟ, ಈಜುಕೊಳ, ರಾತ್ರಿಯ ಶೋ ಕೂಡ ಅದೇ. ಹಾಗಾದರೆ ನೀವು ಹೆಚ್ಚಿಗೆ ಕೊಡುವ ದುಡ್ಡು ಯಾವುದಕ್ಕೆ? ಗೋಡೆಯಲ್ಲಿರುವ ಒಂದು ತೂತಿಗೆ! ತಮಾಷೆ ಅಲ್ಲ, ಅಷ್ಟೇ ವಿಷಯ.

ಈ ತೂತಿಗೂ ಒಂದು ಕಥೆ ಇದೆ. ಬಾಲ್ಕನಿ ಅನ್ನೋದು ಮೊದಲು ತೀರಾ ಶ್ರೀಮಂತರಿಗೆ ಮಾತ್ರ ಇತ್ತು. 1984ರಲ್ಲಿ ರಾಯಲ್ ಪ್ರಿನ್ಸೆಸ್ ಅನ್ನೋ ಹಡಗು ಬಂತು. ಅದರಲ್ಲಿ ಪ್ರಯಾಣಿಕರ ಎಲ್ಲಾ ಕ್ಯಾಬಿನ್‌ಗೂ ಹೊರಗಿನ ನೋಟ ಇತ್ತು, ಅದು ಆಗ ದೊಡ್ಡ ಸುದ್ದಿ. ಆಮೇಲಿನ ವರ್ಷಗಳಲ್ಲಿ ಕಟ್ಟಿದ ಹಡಗುಗಳಲ್ಲಿ ಬಾಲ್ಕನಿಗಳ ಸಂಖ್ಯೆ ಏರುತ್ತಲೇ ಹೋಯಿತು. ನಮ್ಮ ದೇಶದಲ್ಲಿ 2021ರಲ್ಲಿ ಕಾರ್ಡೆಲಿಯಾ ಕಂಪನಿ ಮುಂಬೈಯಿಂದ ಓಡಿಸಲು ಶುರು ಮಾಡಿದ ಎಂಪ್ರೆಸ್ ಹಡಗು ಇದೆಯಲ್ಲ, ಅದು ಫ್ರಾನ್ಸಿನಲ್ಲಿ ಕಟ್ಟಿ 1990ರಲ್ಲಿ ಓಡಾಟ ಶುರು ಮಾಡಿದ್ದು. ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಬಾಲ್ಕನಿ ಜ್ವರ ಏರುವ ಮುಂಚಿನ ಹಡಗು, ಹಾಗಾಗಿ ಅದರಲ್ಲಿ ಬಾಲ್ಕನಿ ಕಡಿಮೆ. ಕಡಿಮೆ ಇದ್ದಾಗ ರೇಟು ಏರುತ್ತೆ, ಅದಕ್ಕೆ ಎಕನಾಮಿಕ್ಸ್ ಓದಬೇಕಿಲ್ಲ.

ಇನ್ನೂ ಒಂದು ಮಜಾ ಇದೆ. ಕಿಟಕಿ ಇಲ್ಲದವರಿಗೆ ಕಿಟಕಿ ಕೊಡೋದು ಹೇಗೆ ಅಂತ ಕಂಪನಿಗಳು ಯೋಚನೆ ಮಾಡಿದವು. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನಲ್ಲಿ ಒಳಗಿನ ಕ್ಯಾಬಿನ್‌ಗಳ ಗೋಡೆಗೆ ದುಂಡನೆಯ ಸ್ಕ್ರೀನ್ ಹಾಕಿ, ಹೊರಗಿನ ಕ್ಯಾಮೆರಾದಿಂದ ಸಮುದ್ರವನ್ನು ಲೈವ್ ತೋರಿಸಿದರು. ಟಿವಿಯಲ್ಲಿ ಕೆಲಸ ಮಾಡುವವನಾಗಿ ಹೇಳ್ತೀನಿ, ಲೈವ್ ಚೆನ್ನಾಗಿಯೇ ಇರುತ್ತೆ. ಆದರೆ ಲೈವ್‌ನಲ್ಲಿ ಗಾಳಿ ಬರಲ್ಲ.

ಟೂ ಟಯರ್ ಎಸಿ, ಆದರೆ ಶೌಚಾಲಯದ ಪಕ್ಕ

ಈಗ ಮುಖ್ಯವಾದ ಮಾತು. ನಾವೆಲ್ಲ ರೈಲಿನಲ್ಲಿ ಓಡಾಡಿದವರು. ಸ್ಲೀಪರ್, ತ್ರೀ ಟಯರ್, ಟೂ ಟಯರ್ ಅಂತ ಕ್ಲಾಸ್ ನೋಡಿ ಟಿಕೆಟ್ ತಗೋತೀವಿ. ಆದರೆ ಅನುಭವ ಇರುವವರು ಏನು ಮಾಡ್ತಾರೆ? ಬರ್ತ್ ನಂಬರ್ ನೋಡ್ತಾರೆ. ಟೂ ಟಯರ್ ಎಸಿಯಲ್ಲೂ ಶೌಚಾಲಯದ ಪಕ್ಕದ ಸೈಡ್ ಬರ್ತ್ ಸಿಕ್ಕಿದರೆ ರಾತ್ರಿಯಿಡೀ ಬಾಗಿಲು ದಡಾರ್ ದಡಾರ್. ತ್ರೀ ಟಯರ್‌ನ ನಡುವಿನ ಲೋಯರ್ ಬರ್ತ್ ಅದಕ್ಕಿಂತ ಸುಖ.

ಹಡಗಿನಲ್ಲೂ ಹಾಗೆಯೇ. ವೆಬ್‌ಸೈಟ್ ನಿಮಗೆ ಕ್ಲಾಸ್ ತೋರಿಸುತ್ತೆ, ಆದರೆ ಸುಖ ಇರುವುದು ಬರ್ತ್ ನಂಬರ್‌ನಲ್ಲಿ. ಅಂದರೆ ಕ್ಯಾಬಿನ್ ಹಡಗಿನ ಯಾವ ಜಾಗದಲ್ಲಿದೆ ಅನ್ನೋದರಲ್ಲಿ. ಯಾಕೆ? ಎಂಜಿನಿಯರಿಂಗ್ ಓದಿದ್ದಕ್ಕೆ ಇವತ್ತು ಸ್ವಲ್ಪ ಉಪಯೋಗ ಮಾಡಿಕೊಳ್ಳೋಣ.

ಮಕ್ಕಳ ಪಾರ್ಕಿನಲ್ಲಿ ಸೀ-ಸಾ ನೋಡಿದ್ದೀರಲ್ಲ? ಉದ್ದನೆಯ ಹಲಗೆ, ನಡುವೆ ಒಂದು ಆಧಾರ. ತುದಿಯಲ್ಲಿ ಕೂತ ಮಗು ಮೇಲಕ್ಕೂ ಕೆಳಕ್ಕೂ ಹೋಗುತ್ತೆ. ನಡುವೆ ಕೂತ ಮಗು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತೆ. ಅಲೆ ಬಂದಾಗ ಹಡಗೂ ಹೀಗೇ ಮಾಡುತ್ತೆ. ಮೂತಿ ಮೇಲೆದ್ದಾಗ ಹಿಂಭಾಗ ಕೆಳಗೆ, ಹಿಂಭಾಗ ಎದ್ದಾಗ ಮೂತಿ ಕೆಳಗೆ. ಇದಕ್ಕೆ ಪಿಚ್ ಅಂತಾರೆ. ಎಡಕ್ಕೂ ಬಲಕ್ಕೂ ತೊಟ್ಟಿಲಿನಂತೆ ವಾಲುವುದಕ್ಕೆ ರೋಲ್ ಅಂತಾರೆ.

ಲೆಕ್ಕ ಹಾಕೋಣ. ಎಂಪ್ರೆಸ್ ಹಡಗಿನ ಉದ್ದ ಸುಮಾರು 211 ಮೀಟರ್. ಹಡಗು ಕೇವಲ 1 ಡಿಗ್ರಿ ಪಿಚ್ ಆಯಿತು ಅಂತಿಟ್ಟುಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೋನ. ನಡುವಿನಿಂದ 90 ಮೀಟರ್ ಮುಂದೆ ಇರುವ ಕ್ಯಾಬಿನ್ ಆಗ ಸುಮಾರು 1.6 ಮೀಟರ್ ಮೇಲೇಳುತ್ತೆ, ಅಂದರೆ ಐದು ಅಡಿಗಿಂತ ಹೆಚ್ಚು. ಹೋದಷ್ಟೇ ಕೆಳಗೂ ಇಳಿಯುತ್ತೆ. ನಡುವಿನಿಂದ 10 ಮೀಟರ್ ದೂರದ ಕ್ಯಾಬಿನ್? ಅದೇ ಅಲೆಗೆ 17 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಒಂದೇ ಹಡಗು, ಒಂದೇ ಅಲೆ. ಒಬ್ಬರಿಗೆ ಆಳೆತ್ತರದ ಉಯ್ಯಾಲೆ, ಇನ್ನೊಬ್ಬರಿಗೆ ಗೇಣುದ್ದದ ತೂಗಾಟ.

ರೋಲ್ ಲೆಕ್ಕವೂ ಹೀಗೇ, ಆದರೆ ಅಲ್ಲಿ ಎತ್ತರ ಮುಖ್ಯ. 3 ಡಿಗ್ರಿ ವಾಲಿದರೆ, ತಿರುಗುವ ನಡುಗೆರೆಯಿಂದ 30 ಮೀಟರ್ ಮೇಲಿರುವವರು ಸುಮಾರು 1.6 ಮೀಟರ್ ಪಕ್ಕಕ್ಕೆ ಹೋಗ್ತಾರೆ. 5 ಮೀಟರ್ ಎತ್ತರದಲ್ಲಿರುವವರು ಕಾಲು ಮೀಟರ್ ಅಷ್ಟೇ. ಈಗಿನ ಹಡಗುಗಳ ಪಕ್ಕದಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಅವು ರೋಲ್ ಅನ್ನು ಬಹಳಷ್ಟು ತಡೆಯುತ್ತವೆ. ಆದರೆ ಪಿಚ್ ತಡೆಯುವುದು ಅವುಗಳಿಂದ ಆಗದ ಮಾತು.

ಹಾಗಾಗಿ ಸೂತ್ರ ಸರಳ: ನಡುವೆ, ಕೆಳಗೆ. ಹಡಗಿನ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಮೇಲಿನ ಡೆಕ್‌ನಲ್ಲಿ, ತೀರಾ ಮುಂದೆ ಇರುವ ದುಬಾರಿ ರೂಮಿಗಿಂತ ಕೆಳಗೆ ನಡುವಿನಲ್ಲಿರುವ ಅಗ್ಗದ ರೂಮು ಹೊಟ್ಟೆಗೆ ಹಿತ. ದುಡ್ಡು ಹೆಚ್ಚು ಕೊಟ್ಟು ವಾಂತಿ ಕೊಂಡುಕೊಂಡವರೂ ಇದ್ದಾರೆ ಅಂದರೆ ನಗಬೇಡಿ, ಇದೇ ಕಾರಣ.

ವಾಂತಿ ಯಾಕಾಗುತ್ತೆ? ನಮ್ಮ ಒಳಕಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಅಂಗ ಇದೆ. ಅದು "ಅಲ್ಲಾಡ್ತಿದ್ದೀವಿ" ಅನ್ನುತ್ತೆ. ಕಣ್ಣು ರೂಮಿನ ಗೋಡೆ ನೋಡಿ "ಇಲ್ಲ, ಎಲ್ಲಾ ನೆಟ್ಟಗೇ ಇದೆಯಲ್ಲ" ಅನ್ನುತ್ತೆ. ಇವೆರಡರ ಜಗಳದಲ್ಲಿ ಬಡವಾಗುವುದು ಹೊಟ್ಟೆ. ದೂರದ ದಿಗಂತ ನೋಡಿದರೆ ಕಣ್ಣು ಕಿವಿ ರಾಜಿ ಆಗುತ್ತವೆ. ಘಾಟಿಯಲ್ಲಿ ಮುಂದಿನ ಸೀಟಲ್ಲಿ ಕೂತು ರಸ್ತೆ ನೋಡು ಅಂತ ದೊಡ್ಡವರು ಹೇಳುತ್ತಿದ್ದದ್ದು ಇದಕ್ಕೇ. ಇಲ್ಲೇ ಕಿಟಕಿಗೆ ಒಂದು ನಿಜವಾದ ಉಪಯೋಗ ಇದೆ. ಅದು ಶೋಕಿಗಲ್ಲ, ಹೊಟ್ಟೆಗೆ.

ಜಾಗದ ಈ ಗುಟ್ಟು ಹಳೆಯದೇ. 1912ರ ಟೈಟಾನಿಕ್ ನಕ್ಷೆ ನೋಡಿ. ಮೊದಲ ದರ್ಜೆಯ ಕ್ಯಾಬಿನ್‌ಗಳು ಹಡಗಿನ ನಡುಭಾಗದಲ್ಲಿ. ಮೂರನೇ ದರ್ಜೆ ಎಲ್ಲಿ? ಕೆಳಗಿನ ಡೆಕ್‌ಗಳಲ್ಲಿ, ಎರಡು ತುದಿಗಳಲ್ಲಿ. ಒಂಟಿ ಗಂಡಸರು ಮೂತಿಯ ಕಡೆ, ಕುಟುಂಬಗಳು ಮತ್ತು ಒಂಟಿ ಹೆಂಗಸರು ಹಿಂಬದಿಯ ಕಡೆ. ಕಡಿಮೆ ಅಲ್ಲಾಡುವ ಜಾಗ ಶ್ರೀಮಂತರಿಗೆ, ಹೆಚ್ಚು ಅಲ್ಲಾಡುವ ಜಾಗ ಬಡವರಿಗೆ ಅಂತ ಹಡಗು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಹಡಗು ಮುಳುಗಿದಾಗ ಮೊದಲ ದರ್ಜೆಯಲ್ಲಿ 100ಕ್ಕೆ 60ಕ್ಕೂ ಹೆಚ್ಚು ಜನ ಉಳಿದರು. ಮೂರನೇ ದರ್ಜೆಯಲ್ಲಿ 100ಕ್ಕೆ 25ರಷ್ಟು. ಅದಕ್ಕೆ ಕಾರಣಗಳು ಹಲವು. ಆದರೆ ಲೈಫ್‌ಬೋಟ್ ಇದ್ದ ಡೆಕ್‌ಗೂ ಅವರ ಮಂಚಕ್ಕೂ ಇದ್ದ ದೂರ, ನಡುವೆ ಇದ್ದ ಓಣಿಗಳು, ಮೆಟ್ಟಿಲುಗಳು ಅದರಲ್ಲಿ ಒಂದು.

ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ?

ಇನ್ನು ಸದ್ದಿನ ವಿಷಯ. ಹಡಗು ಅಂದರೆ ತೇಲುವ ಊರು. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ 20 ಡೆಕ್. ಒಂದು ರೂಮಿಗೆ ಇಬ್ಬರ ಲೆಕ್ಕದಲ್ಲೇ 5,600ಕ್ಕೂ ಹೆಚ್ಚು ಪ್ರಯಾಣಿಕರು. ಇಷ್ಟು ಜನರ ಊರಿನಲ್ಲಿ ನಿಮ್ಮ ಮನೆ ಮಾರ್ಕೆಟ್ ಪಕ್ಕದಲ್ಲಿದೆಯೋ ದೇವಸ್ಥಾನದ ಪಕ್ಕದಲ್ಲಿದೆಯೋ ಅನ್ನೋದು ಮುಖ್ಯ ಅಲ್ಲವೇ?

ಈಜುಕೊಳದ ಡೆಕ್ ಕೆಳಗೇ ರೂಮು ಸಿಕ್ಕರೆ ಬೆಳಿಗ್ಗೆ ಬೆಳಿಗ್ಗೆ ಕುರ್ಚಿ ಎಳೆಯುವ ಸದ್ದು. ಬಫೆ ಹಾಲ್ ಕೆಳಗಿದ್ದರೆ ಟ್ರಾಲಿಯ ಗಡಗಡ. ಥಿಯೇಟರ್ ಅಥವಾ ಡಿಸ್ಕೋ ಮೇಲಿದ್ದರೆ ರಾತ್ರಿ ತಡವಾಗುವವರೆಗೆ ಹಾಸಿಗೆಯೇ ಡೋಲು. ತೀರಾ ಮುಂದೆ ಇದ್ದರೆ ಬಂದರಿಗೆ ಸೇರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಮೋಟಾರುಗಳ ಗುಡುಗು, ಲಂಗರು ಬಿಟ್ಟರೆ ಸರಪಳಿಯ ಸದ್ದು. ತೀರಾ ಹಿಂದೆ, ಕೆಳಗೆ ಇದ್ದರೆ ಪ್ರೊಪೆಲ್ಲರ್‌ನ ನಡುಕ.

ಇದಕ್ಕೂ ಒಂದು ಸುಲಭ ಸೂತ್ರ ಇದೆ. ನಿಮ್ಮ ಕ್ಯಾಬಿನ್‌ನ ಮೇಲೂ ಕ್ಯಾಬಿನ್ ಇರಬೇಕು, ಕೆಳಗೂ ಕ್ಯಾಬಿನ್ ಇರಬೇಕು. ಮಲಗುವ ಜನರ ನಡುವೆ ಮಲಗಿದರೆ ನಿದ್ದೆ ಬರುತ್ತೆ. ಹಡಗಿನ ಡೆಕ್ ಪ್ಲಾನ್ ಅಂದರೆ ಮಹಡಿವಾರು ನಕ್ಷೆ ಕಂಪನಿಯ ವೆಬ್‌ಸೈಟ್‌ನಲ್ಲೇ ಇರುತ್ತೆ. ಮೂರು ಮಹಡಿಯ ನಕ್ಷೆ ಪಕ್ಕ ಪಕ್ಕ ಇಟ್ಟು ನೋಡೋಕೆ ಹತ್ತು ನಿಮಿಷ ಸಾಕು. ಕ್ಯಾಬಿನ್ ನಂಬರಿನ ಮೊದಲ ಅಂಕಿ ಅಥವಾ ಮೊದಲ ಎರಡು ಅಂಕಿ ಡೆಕ್ ಯಾವುದು ಅಂತ ಹೇಳುತ್ತೆ. ಪಕ್ಕದ ರೂಮಿಗೆ ನಡುವೆ ಬಾಗಿಲಿದ್ದರೆ ಅದೂ ನಕ್ಷೆಯಲ್ಲಿ ಇರುತ್ತೆ. ದೊಡ್ಡ ಕುಟುಂಬಕ್ಕೆ ಆ ಬಾಗಿಲು ಅನುಕೂಲ. ಬೇರೆಯವರಿಗೆ ಅದು ಪಕ್ಕದ ರೂಮಿನ ಗೊರಕೆ ಕೇಳುವ ಕಿಂಡಿ.

ಇನ್ನು ಸಣ್ಣ ಅಕ್ಷರಗಳು. "ಅಬ್‌ಸ್ಟ್ರಕ್ಟೆಡ್ ವ್ಯೂ" ಅಂತ ಬರೆದಿದ್ದರೆ ಕಿಟಕಿ ಇದೆ, ಆದರೆ ಅದರ ಎದುರಿಗೆ ಏನೋ ಅಡ್ಡ ಇದೆ ಅಂತ ಅರ್ಥ. ಹೆಚ್ಚಾಗಿ ಅದು ನೇತುಹಾಕಿದ ಲೈಫ್‌ಬೋಟ್. ಬೆಳಕು ಬರುತ್ತೆ, ಸಮುದ್ರ ಕಾಣಲ್ಲ. ಬರೀ ಬೆಳಕು ಸಾಕು ಅನ್ನುವವರಿಗೆ ಇದು ಲಾಭದ ವ್ಯಾಪಾರ. "ಗ್ಯಾರಂಟಿ ಕ್ಯಾಬಿನ್" ಅಂದರೆ ದರ್ಜೆಗೆ ಮಾತ್ರ ಗ್ಯಾರಂಟಿ, ಜಾಗಕ್ಕಲ್ಲ. ನಂಬರ್ ಆಮೇಲೆ ಕಂಪನಿಯೇ ಕೊಡುತ್ತೆ. ಅದಕ್ಕೇ ಅಗ್ಗ. ಬಾಲ್ಕನಿ ಅಂತ ಬರೆದಿದ್ದರೂ ಅದು ಯಾವ ಕಡೆ ತೆರೆಯುತ್ತೆ ನೋಡಿ. 2009ರ ಓಯಸಿಸ್ ಆಫ್ ದಿ ಸೀಸ್‌ನಂಥ ದೊಡ್ಡ ಹಡಗುಗಳಲ್ಲಿ ಕೆಲವು ಬಾಲ್ಕನಿಗಳು ಹಡಗಿನ ಒಳಗಿನ ಪಾರ್ಕಿನ ಕಡೆ ತೆರೆಯುತ್ತವೆ. ಸಮುದ್ರ ನೋಡೋಕೆ ಹೋಗಿ ಗಿಡ ನೋಡಿಕೊಂಡು ಬರಬೇಕಾದೀತು!

ರೇಟು ಹಾಕುವ ರೀತಿಯೂ ಗೊತ್ತಿರಲಿ. ಸಾಮಾನ್ಯವಾಗಿ ತೋರಿಸುವುದು ಒಬ್ಬರಿಗೆ ಆಗುವ ರೇಟು, ಅದೂ ರೂಮಿನಲ್ಲಿ ಇಬ್ಬರು ಇದ್ದರೆ. ಒಬ್ಬರೇ ಹೋದರೆ ಎರಡನೆಯ ಮಂಚದ ದುಡ್ಡನ್ನೂ ಬಹುಪಾಲು ನೀವೇ ಕೊಡಬೇಕು. ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಸೇರಿದೆಯೇ ಅಂತ ನೋಡಿ. ಕೊನೆಯ ಪುಟದಲ್ಲಿ ಬರುವ ಮೊತ್ತವೇ ನಿಜವಾದ ಬೆಲೆ.

ಗಂಟೆಗೆ ಎಷ್ಟು?

ಸರಿ, ಜಾಗದ ವಿಷಯ ಆಯಿತು. ಈಗ ಬಾಲ್ಕನಿ ಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಹೇಗೆ? ನಾನು ಒಂದು ಲೆಕ್ಕ ಹೇಳ್ತೀನಿ. ಕ್ಯಾಬಿನ್‌ನಲ್ಲಿ ಎಚ್ಚರವಾಗಿ ಎಷ್ಟು ಗಂಟೆ ಇರ್ತೀರಿ?

ಮೂರು ರಾತ್ರಿಯ ಪ್ರವಾಸ ಅಂದರೆ ಸುಮಾರು 72 ಗಂಟೆ. ನಿದ್ದೆಗೆ 24 ತೆಗೀರಿ, 48 ಉಳಿಯಿತು. ಊಟ, ತಿಂಡಿ, ಶೋ, ಈಜುಕೊಳ, ಡೆಕ್ ಮೇಲೆ ಓಡಾಟ, ಬಂದರಿನಲ್ಲಿ ಇಳಿದು ಸುತ್ತಾಟ. ಗಟ್ಟಿಮುಟ್ಟಾದ ಮೂವತ್ತರ ಪ್ರಾಯದವರು ರೂಮಿನಲ್ಲಿ ಎಚ್ಚರವಾಗಿ 6 ಗಂಟೆ ಇದ್ದರೆ ಹೆಚ್ಚು. ಲೆಕ್ಕಕ್ಕೆ ಹೇಳ್ತೀನಿ, ಬಾಲ್ಕನಿಗೆ 18 ಸಾವಿರ ರೂಪಾಯಿ ಹೆಚ್ಚಿಗೆ ಆಗುತ್ತೆ ಅಂತಿಟ್ಟುಕೊಳ್ಳಿ. 6 ಗಂಟೆಗೆ 18 ಸಾವಿರ, ಅಂದರೆ ಗಂಟೆಗೆ 3 ಸಾವಿರ. ಮೇಲಿನ ಡೆಕ್‌ನಲ್ಲಿ ಅದೇ ಸಮುದ್ರ ಬಿಟ್ಟಿಯಾಗಿ ಕಾಣುವಾಗ! ಅಂಥವರಿಗೆ ಇಂಟೀರಿಯರ್ ಸಾಕು. ಕಗ್ಗತ್ತಲು, ಒಳ್ಳೇ ನಿದ್ದೆ. ಬೆಳಗಾಗಿದ್ದು ಗೊತ್ತಾಗಲ್ಲ, ಅಲಾರಂ ಇಟ್ಟುಕೊಂಡರೆ ಆಯಿತು.

ಈಗ ಅದೇ ಲೆಕ್ಕವನ್ನು ಮಂಡಿನೋವಿನ ಅರವತ್ತರ ಹೆಂಗಸಿಗೆ ಹಾಕಿ. ಡೆಕ್‌ಗೆ ಹೋಗಬೇಕಾದರೆ ಉದ್ದನೆಯ ಓಣಿ, ಲಿಫ್ಟಿನ ಮುಂದೆ ಕಾಯುವುದು, ಅಲ್ಲಾಡುವ ನೆಲ. ಮಧ್ಯಾಹ್ನ ಬಿಸಿಲು. ಸಂಜೆ ಡೆಕ್ ಮೇಲೆ ಜೋರು ಮ್ಯೂಸಿಕ್ಕು. ಅವರು ರೂಮಿನಲ್ಲಿ ಎಚ್ಚರವಾಗಿ 20 ಗಂಟೆ ಇರಬಹುದು. 18 ಸಾವಿರವನ್ನು 20ರಿಂದ ಭಾಗಿಸಿ. ಗಂಟೆಗೆ 900. ಕಿಟಕಿ ಮಾತ್ರ ಇರುವ ರೂಮಿಗೆ ಇನ್ನೂ ಕಡಿಮೆ. ಒಂದೇ ಕಿಟಕಿ. ಮಗನಿಗೆ ಅದು ಶೋಕಿ, ಅಮ್ಮನಿಗೆ ಅದೇ ಸಮುದ್ರ.

ಕ್ಯಾಬಿನ್ ಬಿಟ್ಟು ಹೊರಗೆ ಹೋಗಲಾಗದ ಸ್ಥಿತಿ ಎಲ್ಲರಿಗೂ ಒಟ್ಟಿಗೇ ಬಂದದ್ದೂ ಇದೆ. 2020ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಿತ್ತು. ಒಳಗೆ 3,711 ಜನ. ಕೊರೊನಾ ಸೋಂಕು ಹಡಗಿನೊಳಗೆ ಹರಡಿತ್ತು. ಪ್ರಯಾಣಿಕರೆಲ್ಲ ಅವರವರ ಕ್ಯಾಬಿನ್‌ನಲ್ಲೇ ಇರಬೇಕು ಅಂತ ಆದೇಶ ಬಂತು. ಎರಡು ವಾರ! ಬಾಲ್ಕನಿ ಇದ್ದವರು ಹೊರಗೆ ನಿಂತು ಗಾಳಿ ಕುಡಿದರು. ಒಳಗಿನ ಕ್ಯಾಬಿನ್‌ನವರಿಗೆ ಹಗಲೂ ರಾತ್ರಿಯೂ ಒಂದೇ. ಅವರನ್ನು ಪಾಳಿಯ ಮೇಲೆ, ಮಾಸ್ಕ್ ಹಾಕಿಸಿ, ಸ್ವಲ್ಪ ಹೊತ್ತು ಡೆಕ್ ಮೇಲೆ ಬಿಡುತ್ತಿದ್ದರು. ಕೊನೆಗೆ ಆ ಹಡಗಿನಲ್ಲಿ ಸೋಂಕು ತಗಲಿದ್ದು 712 ಜನಕ್ಕೆ.

ಆ ಹಡಗಿನಲ್ಲಿ 138 ಜನ ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು ಎಷ್ಟು ಗೊತ್ತಾ? 6 ಜನ. ಉಳಿದ 132 ಜನ ಕೆಲಸದವರು. ಪ್ರಯಾಣಿಕರು ರೂಮಿನಲ್ಲಿ ಕೂತಿದ್ದಾಗ ಬಾಗಿಲು ಬಾಗಿಲಿಗೆ ಊಟ ತಲುಪಿಸುತ್ತಿದ್ದದ್ದು ಸಿಬ್ಬಂದಿಯೇ.

ಬೆಲೆಪಟ್ಟಿಯಲ್ಲಿ ಇಲ್ಲದ ಐದನೇ ದರ್ಜೆ ಅವರದ್ದು. ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ 2013ರಿಂದ ಜಾರಿಯಲ್ಲಿದೆ. ಪ್ರಯಾಣಿಕರ ಹಡಗುಗಳಲ್ಲಿ ಬೆಳಕು, ಗಾಳಿಯ ವ್ಯವಸ್ಥೆ ಸರಿ ಇದ್ದರೆ ಸಿಬ್ಬಂದಿಯ ಮಲಗುವ ಕೋಣೆಗಳನ್ನು ಹಡಗಿನ ಲೋಡ್ ಲೈನ್‌ಗಿಂತ ಕೆಳಗೂ ಇಡಲು ಅದು ಅವಕಾಶ ಕೊಡುತ್ತೆ. ಅಂದರೆ ಹೆಚ್ಚು ಕಡಿಮೆ ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿಯ ಮಾತೇ ಇಲ್ಲ. ಸಣ್ಣ ಕೋಣೆ, ಒಂದರ ಮೇಲೊಂದು ಮಂಚ, ಅಲ್ಲೇ ತಿಂಗಳುಗಟ್ಟಲೆ ಬಾಳು. ಮಂಗಳೂರು, ಉಡುಪಿ, ಕಾರವಾರದ ಎಷ್ಟೋ ಮನೆಗಳಲ್ಲಿ ಹಡಗಿನ ಕೆಲಸಕ್ಕೆ ಹೋದ ಮಕ್ಕಳಿದ್ದಾರೆ. ಆ ಮನೆಯವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಟಿಪ್ಸ್ ಕೊಡುವಾಗ ಚೌಕಾಸಿ ಮಾಡುವ ನಮಗೆ ಇದು ಗೊತ್ತಿದ್ದರೆ ಒಳ್ಳೆಯದು.

ಮೆಟ್ಟಿಲು ಎಲ್ಲಿದೆ?

ಕೊನೆಯದಾಗಿ ಸುರಕ್ಷತೆ. ದುಬಾರಿ ಕ್ಯಾಬಿನ್‌ನವರಿಗೆ ಮೊದಲು ಲೈಫ್‌ಬೋಟ್ ಅಂತ ಈಗ ಇಲ್ಲ. ಕ್ಯಾಬಿನ್ ಯಾವುದೇ ಇರಲಿ, ಪ್ರತಿಯೊಬ್ಬರಿಗೂ ತುರ್ತು ಸಂದರ್ಭದಲ್ಲಿ ಸೇರಬೇಕಾದ ಒಂದು ಜಾಗ ಗೊತ್ತುಮಾಡಿರುತ್ತಾರೆ. ಅದಕ್ಕೆ ಮಸ್ಟರ್ ಸ್ಟೇಷನ್ ಅಂತಾರೆ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ಆ ದಿನವೇ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಸುರಕ್ಷತಾ ಡ್ರಿಲ್ ಇನ್ನೂ ಆಗಿರಲೇ ಇಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ ಇತ್ತು. ಈ ದುರಂತದ ನಂತರ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಅಲ್ಲಿ ಮೊಬೈಲ್ ನೋಡಿಕೊಂಡು ನಿಲ್ಲಬೇಡಿ, ದಯವಿಟ್ಟು.

ತುರ್ತು ಸಂದರ್ಭದಲ್ಲಿ ಲಿಫ್ಟ್ ಬಳಸುವಂತಿಲ್ಲ, ಮೆಟ್ಟಿಲೇ ಗತಿ. ಹಾಗಾಗಿ ವಯಸ್ಸಾದವರಿಗೆ ಕ್ಯಾಬಿನ್ ಆರಿಸುವಾಗ ಮೆಟ್ಟಿಲು ಮತ್ತು ಲಿಫ್ಟ್ ಇರುವ ಜಾಗಕ್ಕೆ ಹತ್ತಿರ ಇರಲಿ, ಆದರೆ ತೀರಾ ಎದುರಿಗೇ ಬೇಡ. ಅಲ್ಲಿ ಜನರ ಗಲಾಟೆ. ನಾಲ್ಕೈದು ಬಾಗಿಲು ಆಚೆ ಸಾಕು. ಹತ್ತಿದ ದಿನವೇ ಕ್ಯಾಬಿನ್‌ನಿಂದ ಮೆಟ್ಟಿಲಿಗೆ ಒಮ್ಮೆ ನಡೆದು, ನಡುವೆ ಎಷ್ಟು ಬಾಗಿಲು ಅಂತ ಎಣಿಸಿಟ್ಟುಕೊಳ್ಳಲಿ. ಕತ್ತಲಲ್ಲಿ ಕೈಗೆ ಸಿಗುವುದು ಲೆಕ್ಕ ಮಾತ್ರ.

ಮಗನಿಗೆ ಉತ್ತರ

ಈಗ ಪ್ರಶ್ನೆ ಕೇಳಿದ ಮಗನಿಗೆ ನೇರವಾಗಿ ಹೇಳ್ತೀನಿ.

ಬಾಲ್ಕನಿ ಬೇಡ. ಯಾಕೆ ಅಂದರೆ ನೀವು ಹೇಳಿದ ಹಡಗಿನಲ್ಲಿ ಬಾಲ್ಕನಿ ಇರುವುದೇ ಕಡಿಮೆ, ರೇಟು ಹೆಚ್ಚು, ಅಮ್ಮನಿಗೆ ಬೇಕಾದ ಜಾಗದಲ್ಲೇ ಅದು ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ಹಡಗು 20 ನಾಟ್ ವೇಗದಲ್ಲಿ ಹೋದರೆ ಗಂಟೆಗೆ 37 ಕಿಲೋಮೀಟರ್ ಗಾಳಿ ಮುಖಕ್ಕೆ ಹೊಡೆಯುತ್ತೆ, ಅಮ್ಮ ಅಲ್ಲಿ ಹೆಚ್ಚು ಹೊತ್ತು ಕೂರಲಿಕ್ಕಿಲ್ಲ. ಇಂಟೀರಿಯರ್ ಕೂಡ ಬೇಡ. ಅಮ್ಮನಿಗೆ ದಿಗಂತ ಬೇಕು, ಕೂತಲ್ಲೇ ಸಮುದ್ರ ಕಾಣಬೇಕು.

ಓಶನ್ ವ್ಯೂ ಮಾಡಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ, ಮೇಲೂ ಕೆಳಗೂ ಕ್ಯಾಬಿನ್ ಇರುವ ಕಡೆ, ಲಿಫ್ಟ್‌ನಿಂದ ನಾಲ್ಕೈದು ಬಾಗಿಲಾಚೆ. ಕಿಟಕಿಗೆ ಲೈಫ್‌ಬೋಟ್ ಅಡ್ಡ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗ್ಯಾರಂಟಿ ಕ್ಯಾಬಿನ್ ಆಸೆಗೆ ಬೀಳದೆ ನಂಬರ್ ನೀವೇ ಆರಿಸಿ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಪಶ್ಚಿಮ ಇರುವುದು ಹಡಗಿನ ಬಲಗಡೆ. ಬಲಬದಿಯ ಕ್ಯಾಬಿನ್ ಸಿಕ್ಕರೆ ಹೋಗುವ ದಾರಿಯಲ್ಲಿ ಸೂರ್ಯಾಸ್ತ ಕಿಟಕಿಯಲ್ಲೇ ಕಾಣುತ್ತೆ. ವಾಪಸ್ ಬರುವಾಗ ಆ ಕಡೆ ಸೂರ್ಯೋದಯ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟು, ಹಾಗಾಗಿ ಮಳೆ ಮುಗಿದು ಸಮುದ್ರ ಶಾಂತವಾದ ತಿಂಗಳುಗಳಲ್ಲಿ ಕಳಿಸಿ. ವಾಂತಿಯ ಮಾತ್ರೆ ಯಾವುದು, ಯಾವಾಗ ಅಂತ ಅವರ ಡಾಕ್ಟರನ್ನೇ ಮೊದಲು ಕೇಳಿ.

ಇನ್ನು ಆ ಸಾಲಿಗೆ ಬರ್ತೀನಿ. "ಅಮ್ಮ ಏನೂ ಹೇಳಲ್ಲ."

ನಮ್ಮ ಮನೆಗಳಲ್ಲಿ ಅಮ್ಮಂದಿರು ಹೇಳೋದೇ ಹೀಗೆ. ಬೇಡ ಅಂದರೆ ನಿಮಗೆ ಬೇಸರ, ಬೇಕು ಅಂದರೆ ನಿಮಗೆ ಖರ್ಚು. ಅದಕ್ಕೇ ಸುಮ್ಮನಿರ್ತಾರೆ. ಅಪ್ಪ "ರೂಮಲ್ಲಿ ಮಲಗೋದು ತಾನೇ" ಅಂದಾಗ ಅವರು ತಮ್ಮ ಲೆಕ್ಕ ಹೇಳಿದರು. ಅವರು ಡೆಕ್ ಮೇಲೆ ವಾಕಿಂಗ್ ಮಾಡ್ತಾರೆ, ಯಾರಾದರೂ ಮಾತಿಗೆ ಸಿಕ್ಕರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ರೂಮಿನಲ್ಲಿ ಉಳಿಯುವವರು ಅಮ್ಮ. ಲೆಕ್ಕ ಹಾಕಬೇಕಾದದ್ದು ಅಲ್ಲಿ ಹೆಚ್ಚು ಹೊತ್ತು ಇರುವವರ ಗಂಟೆಗಳನ್ನು. ಕ್ಯಾಬಿನ್ ಅಂತ ಅಲ್ಲ, ಮನೆ ಕಟ್ಟುವಾಗ ಅಡುಗೆಮನೆಯ ಕಿಟಕಿ ಎಲ್ಲಿಡಬೇಕು ಅಂತ ಕೇಳುವಾಗಲೂ ಇದೇ ಪ್ರಶ್ನೆ. ಅಲ್ಲಿ ನಿಲ್ಲುವವರು ಯಾರು?

ಬುಕ್ ಮಾಡುವ ಮುಂಚೆ ಒಮ್ಮೆ ಅಮ್ಮನಿಗೆ ಫೋನ್ ಮಾಡಿ. "ಯಾವ ರೂಮ್ ಬೇಕಮ್ಮ" ಅಂತ ಕೇಳಬೇಡಿ, ಉತ್ತರ ಬರಲ್ಲ. "ಮಲಗಿದಲ್ಲಿಂದ ಸಮುದ್ರ ಕಂಡ್ರೆ ಖುಷಿ ಆಗುತ್ತಾ?" ಅಂತ ಕೇಳಿ. ಆಗ ಬರುವ ದನಿಯಲ್ಲಿ ನಿಮಗೆ ಗೊತ್ತಾಗುತ್ತೆ.